ನಮ್ಮ ಪುಟ್ಟಿ ಚರ್ಚಿಗೆ ಹೋಗ್ತಾಳಂತೆ...

ಮೊನ್ನೆ ಭಾನುವಾರ ಬೆಳ್ಳಂಬೆಳಿಗ್ಗೆ ಊರಿಂದ ಚಿಕ್ಕಪ್ಪನ ಫೋನು. ಆ ಹೊತ್ತಿಗೆ ಫೋನ್ ಬಂತು ಅಂದ್ರೆ ಯಾರೋ ಹೋಗಿಬಿಟ್ರು ಅಂತಲೇ ನನ್ನ ಲೆಕ್ಕ. ಎದೆ ಧಸಕ್ ಅಂತು. "ಲೋ, ನಿನ್ನ ತಂಗಿ ಯಾವುದೋ ಗುಂಪಿಗೆ ಸೇರ್ಕೊಂಡಿದಾಳೆ. ನೀನು ಅಲ್ಲೇ ಹತ್ರ ಇದೀಯಲ್ಲ, ಹೋಗಿ ಬುದ್ಧಿ ಹೇಳು" ಅಂದ್ರು.

ವಿಷಯ ಇಷ್ಟೇ. ಚಿಕ್ಕಪ್ಪನ ಮಗಳು ಪುಟ್ಟಿ (ಇಪ್ಪತ್ತೇಳು ವರ್ಷ, ಆದ್ರೂ ಮನೇಲಿ ಪುಟ್ಟಿನೇ) ಹೂಡಿಯಲ್ಲಿ ಪಿಜಿಯಲ್ಲಿದ್ದಾಳೆ, ಐಟಿಪಿಎಲ್ ಕಡೆ ಕೆಲಸ. ಐದಾರು ತಿಂಗಳಿಂದ ಗೆಳತಿಯೊಬ್ಬಳ ಜೊತೆ ಚರ್ಚಿಗೆ ಹೋಗ್ತಿದಾಳೆ. ನಿನ್ನೆ ಮೊನ್ನೆ ಶುರುವಾದದ್ದೇನಲ್ಲ, ಗಂಟೆ ಗೋಪುರ ಎಲ್ಲ ಇರೋ ಹಳೇ ಚರ್ಚು. ಹಬ್ಬಕ್ಕೆ ಊರಿಗೆ ಹೋದಾಗ ಗಣಪತಿ ಪ್ರಸಾದ ತಿನ್ನದೆ ಎಲೆ ಪಕ್ಕಕ್ಕೆ ಸರಿಸಿದ್ದನ್ನ ಚಿಕ್ಕಮ್ಮ ನೋಡಿಬಿಟ್ಟರು. ಅಲ್ಲಿಂದ ಗಲಾಟೆ.

ಅಮೆರಿಕದಲ್ಲಿರೋ ನಮ್ಮ ಭಾವ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ "ಇದು ಕಲ್ಟ್, ಹುಷಾರು" ಅಂತ ಬರೆದು ಕೂತರು. "ಕಲ್ಟ್ ಅಂದ್ರೇನೋ?" ಅಂತ ಚಿಕ್ಕಪ್ಪ ನನ್ನ ಕೇಳಿದರು. ಕನ್ನಡದಲ್ಲಿ ಏನು ಹೇಳೋದು? ಪಂಥ ಅನ್ನೋಣ ಅಂದ್ರೆ ನಾಥಪಂಥ, ಕಬೀರಪಂಥ ಎಲ್ಲ ಮರ್ಯಾದಸ್ಥ ಪದಗಳು. ನಮ್ಮಲ್ಲಿ ಕಲ್ಟ್ ಅಂದ್ರೆ ಉಪೇಂದ್ರನ 'ಓಂ' ಸಿನಿಮಾ, ಅದು ಹೊಗಳಿಕೆ! ನಮ್ಮ ಭಾಷೆಯಲ್ಲಿ ಈ ಬೈಗುಳವೇ ಇಲ್ಲ ನೋಡಿ. "ಬಾಗಿಲು ಒಳಕ್ಕೆ ಮಾತ್ರ ತೆಗೆಯೋ ಮನೆ ಅಂದ್ಕೊಳ್ಳಿ ಚಿಕ್ಕಪ್ಪ" ಅಂದೆ. ಏನೋ ಬಾಯಿಗೆ ಬಂದದ್ದು ಅದು.

ಸರಿ, ನಾನೂ ಸಾಫ್ಟ್‌ವೇರಿನವನೇ ಅಲ್ವಾ, ಚೆಕ್‌ಲಿಸ್ಟ್ ಇಲ್ಲದೆ ಹೊರಡೋದು ಹೇಗೆ? ಹುಡುಕಿದಾಗ ರಾಬರ್ಟ್ ಲಿಫ್ಟನ್ ಅನ್ನೋ ಮನೋವೈದ್ಯರ ಪಟ್ಟಿ ಸಿಕ್ತು. ಚೀನಾದಲ್ಲಿ ಬ್ರೈನ್‌ವಾಶ್‌ಗೆ ಒಳಗಾಗಿ ಬಂದವರನ್ನ ಮಾತಾಡಿಸಿ 1961ರಲ್ಲಿ ಪುಸ್ತಕ ಬರೆದವರು. ಒಟ್ಟು ಎಂಟು ಲಕ್ಷಣ. ಹೊರಗಿನ ಸಂಪರ್ಕಕ್ಕೆ ಕಡಿವಾಣ, ತಪ್ಪೊಪ್ಪಿಗೆ, ಪ್ರಶ್ನಿಸಬಾರದ ಸಿದ್ಧಾಂತ, ಗುಂಪಿನದೇ ಆದ ಪರಿಭಾಷೆ ಹೀಗೆ... ಕೊನೆಯದು, ಗುಂಪಿನ ಆಚೆ ಇರೋರಿಗೆ ಬದುಕೋ ಹಕ್ಕೇ ಇಲ್ಲ ಅನ್ನೋ ಭಾವನೆ. ಅದನ್ನ ಮೊಬೈಲಲ್ಲಿ ಇಟ್ಕೊಂಡು ಕಾಡುಗೋಡಿಯಲ್ಲಿ ಮೆಟ್ರೋ ಹತ್ತಿದೆ.

ದಾರೀಲಿ 'ಶ್ರೀ ಸತ್ಯಸಾಯಿ ಆಸ್ಪತ್ರೆ' ಅಂತ ಸ್ಟೇಷನ್ನಿನ ಹೆಸರು ಕೂಗ್ತಾರಲ್ಲ, ಆಗ ದೊಡ್ಡಮ್ಮ ನೆನಪಾದರು. ಮನೇಲಿ ಪ್ರತಿ ಗುರುವಾರ ಭಜನೆ, ಕಾಡುಗೋಡಿಯ ಬೃಂದಾವನಕ್ಕೆ ಬಾಬಾ ಬಂದ್ರು ಅಂತ ಗೊತ್ತಾದ್ರೆ ದೊಡ್ಡಪ್ಪನಿಗೆ ಮೊಸರನ್ನವೇ ಗತಿ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ಉಂಗುರ, ವಿಭೂತಿ ಬೇಡ, ಒಂದು ಕುಂಬಳಕಾಯಿ ತರಿಸಿ ನೋಡೋಣ, ಅದನ್ನ ತೋಳಲ್ಲಿ ಬಚ್ಚಿಡೋಕಾಗಲ್ಲ ಅಂದರಂತೆ. ಬಾಬಾ ಪರೀಕ್ಷೆಗೆ ಒಪ್ಪಲಿಲ್ಲ. ನಾನು ಎಚ್ಚೆನ್ ಕಡೆಯವನು, ಇವತ್ತಿಗೂ. ಆದ್ರೆ 2001ರಲ್ಲಿ ಶುರುವಾದ ಈ ಆಸ್ಪತ್ರೆಯಲ್ಲಿ ಬಿಲ್ ಕೌಂಟರೇ ಇಲ್ಲ ಅನ್ನೋದೂ ನಿಜ. ಕೊನೆಕೊನೆಗೆ ಮಂಡಿನೋವು ಬಂದು ದೊಡ್ಡಮ್ಮ ಭಜನೆ ನಿಲ್ಲಿಸಿದಾಗ ಯಾರೂ ಬಂದು ಯಾಕೆ ಅಂತ ಕೇಳಲಿಲ್ಲ, ದೂರ ಇಡಲೂ ಇಲ್ಲ. ಎಚ್ಚೆನ್ ಕೇಳಿದ್ದು ಹೇಳೋದು ನಿಜವಾ ಅಂತ. ನನಗೆ ಅವತ್ತು ಬೇಕಾಗಿದ್ದು ಬೇರೆ ಪ್ರಶ್ನೆ, ಬಿಟ್ಟು ಬರೋಕಾಗುತ್ತಾ ಅಂತ.

ಹೂಡಿಯಲ್ಲಿ ಇಳಿದು ದರ್ಶಿನಿಯೊಂದಕ್ಕೆ ಹೋದ್ವಿ. ಪುಟ್ಟಿಗೆ ನಾನು ಯಾಕೆ ಬಂದಿದೀನಿ ಅಂತ ಗೊತ್ತಿತ್ತು.

"ಕೇಳು ಅಣ್ಣ, ಪಟ್ಟಿ ತಂದಿದೀಯಾ ತಾನೆ?"

ಕೇಳಿದೆ. ಆಚೆಯವರ ಜೊತೆ ಸೇರಬೇಡ ಅಂತಾರಾ? "ನಿನ್ ಜೊತೆ ಕೂತು ಇಡ್ಲಿ ತಿಂತಿದೀನಲ್ಲ." ದುಡ್ಡು? "ತಟ್ಟೆ ಬರುತ್ತೆ, ಮನಸ್ಸಿಗೆ ಬಂದಷ್ಟು ಹಾಕ್ತೀನಿ. ಊರ ದೇವಸ್ಥಾನಕ್ಕೆ ಇಷ್ಟೇ ಕೊಡ್ಬೇಕು ಅಂತ ಅಪ್ಪ ಹೇಳ್ತಾರಲ್ಲ, ಹಾಗಿಲ್ಲ." ಹೋಗದಿದ್ರೆ? "ರಿಲೀಸ್ ಇತ್ತು ಅಂತ ಮೂರು ವಾರ ಹೋಗಿರ್ಲಿಲ್ಲ. ಒಬ್ಬ ಆಂಟಿ ಫೋನ್ ಮಾಡಿ ಜ್ವರಾನಾ ಅಂತ ಕೇಳಿದ್ರು, ಅಷ್ಟೇ."

ಪ್ರಸಾದದ ವಿಷಯ ಎತ್ತಿದೆ. ಇಲ್ಲಿ ಸ್ವಲ್ಪ ತಡವರಿಸಿದಳು. ಅಲ್ಲಿನ ಹಿರಿಯರೊಬ್ಬರು ತಿನ್ನಬಾರದು ಅಂದಿದ್ರಂತೆ, ಇನ್ನೊಬ್ಬರು ಪರವಾಗಿಲ್ಲ ಅಂದ್ರಂತೆ. ಮಾತಿನ ಮಧ್ಯೆ 'ಸಾಕ್ಷಿ ಹೇಳೋದು' ಅನ್ನೋಥರ ಪದಗಳೂ ನುಸುಳ್ತಿದ್ವು. ನನಗೆ ಹಿಡಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಚಿಕ್ಕಮ್ಮನ ಮುಖ ನೆನಪಾಗಿ ಸಿಟ್ಟೂ ಬಂತು.

ಕ್ರೈಸ್ತರನ್ನೇ ಹೀಗೆ ವಿಚಾರಣೆಗೆ ಕೂರಿಸಿದ ಕಥೆ ಬಹಳ ಹಳೇದು. ಸುಮಾರು ಕ್ರಿ.ಶ. 112ರಲ್ಲಿ ಪ್ಲಿನಿ ಅನ್ನೋ ರೋಮನ್ ಅಧಿಕಾರಿ, ನಮ್ಮ ಡಿಸಿ ಅಂದ್ಕೊಳ್ಳಿ, ಚಕ್ರವರ್ತಿ ಟ್ರಾಜನ್‌ಗೆ ಕಾಗದ ಬರೀತಾನೆ. ಇವರು ಬೆಳಗಾಗೋ ಮುಂಚೆ ಸೇರ್ತಾರೆ, ಹಾಡ್ತಾರೆ, ಆಮೇಲೆ ಒಟ್ಟಿಗೆ ಊಟ ಮಾಡ್ತಾರೆ, ಅದೂ ಮಾಮೂಲಿ ಊಟ. ಇಬ್ಬರು ದಾಸಿಯರನ್ನ ಹಿಂಸೆ ಕೊಟ್ಟು ವಿಚಾರಿಸಿದರೂ ಸಿಕ್ಕಿದ್ದು ಅತಿರೇಕದ ಮೂಢನಂಬಿಕೆ ಮಾತ್ರ ಅಂತ. 380ರಲ್ಲಿ ಅದೇ ಸಾಮ್ರಾಜ್ಯಕ್ಕೆ ಅದೇ ಅಧಿಕೃತ ಧರ್ಮವಾಯ್ತು, ಆಮೇಲೆ ಒಲ್ಲದವರಿಗೆ ಕಷ್ಟ ಶುರುವಾಯ್ತು! (2022ರ ನಮ್ಮ ಕರ್ನಾಟಕದ ಮತಾಂತರ ಕಾಯಿದೆಯಲ್ಲೂ ಮೂವತ್ತು ದಿನ ಮುಂಚೆ ಡಿಸಿಗೆ ಬರೆದುಕೊಡಬೇಕು ಅಂತಿತ್ತು. ಡಿಸಿಗಳಿಗೆ ಕಾಗದದ ಕೆಲಸ ಅವತ್ತೂ ತಪ್ಪಿರಲಿಲ್ಲ ನೋಡಿ.) ಹಳೇದು, ದೊಡ್ಡದು ಅನ್ನೋದರಿಂದ ಏನೂ ಗೊತ್ತಾಗಲ್ಲ. 1978ರಲ್ಲಿ ಗಯಾನಾದ ಜೋನ್ಸ್‌ಟೌನ್‌ನಲ್ಲಿ ಒಂಬೈನೂರಕ್ಕೂ ಹೆಚ್ಚು ಜನ ಸತ್ತರಲ್ಲ, ಅದರ ನಾಯಕ ಜಿಮ್ ಜೋನ್ಸ್ ಅಮೆರಿಕದ ಒಂದು ಮಾಮೂಲಿ ಚರ್ಚಿನ ದೀಕ್ಷೆ ಪಡೆದ ಪಾದ್ರಿ. ಬಿಟ್ಟು ಹೋಗ್ತೀವಿ ಅಂತ ಕೆಲವರು ಹೊರಟಾಗ ವಿಮಾನದ ಹತ್ತಿರ ಅವರ ಮೇಲೆ ಗುಂಡು ಹಾರಿಸಿದರು. ಒಂದೇ ಬೈಬಲ್ಲು, ಒಂದು ಕಡೆ ಜ್ವರಾನಾ ಅಂತ ಕೇಳೋ ಆಂಟಿ, ಇನ್ನೊಂದು ಕಡೆ ಬಂದೂಕು. ಹಾಗಾಗಿ ಇಡೀ ಧರ್ಮಕ್ಕೆ ಕಲ್ಟ್ ಅಂತ ಹಣೆಪಟ್ಟಿ ಹಚ್ಚೋದು ನನ್ನ ಕೈಲಾಗಲ್ಲ. ಆಯಾ ಮನೆಯ ಬಾಗಿಲನ್ನೇ ತಳ್ಳಿ ನೋಡಬೇಕು.

ಇದನ್ನೆಲ್ಲ ನಾನು ಗಂಭೀರವಾಗಿ ಹೇಳ್ತಿರುವಾಗ ಪುಟ್ಟಿ ನನ್ನ ಮೊಬೈಲ್ ಕಿತ್ಕೊಂಡು ಪಟ್ಟಿ ಓದ್ತಿದ್ದಳು. ಕೊನೇ ಸಾಲಿಗೆ ಬಂದು ನಿಂತಳು.

"ಅಣ್ಣ, ಮೈಸೂರತ್ತೆ ನಿಂಗೆ ನೆನಪಿದಾರಾ?"

ಅಪ್ಪನ ತಂಗಿ. 1986ರಲ್ಲಿ ಬೇರೆ ಜಾತಿಯವರನ್ನ ಮದುವೆಯಾದರು. ದೇವರು, ಧರ್ಮ ಏನೂ ಬದಲಾಗಿರಲಿಲ್ಲ, ಅದೇ ಗಣಪತಿಗೆ ಅವರೂ ಕೈಮುಗೀತಿದ್ರು. ಸುದ್ದಿ ಬಂದ ದಿನ ಅಜ್ಜ ಹಿತ್ತಿಲಿಗೆ ಹೋಗಿ ತಲೆ ಮೇಲೆ ತಣ್ಣೀರು ಸುರ್ಕೊಂಡರು, ಸತ್ತವರ ಸ್ನಾನ. ಅಪ್ಪ, ಚಿಕ್ಕಪ್ಪನಿಗೂ ಸುರಿದರು. ಗೋಡೆ ಮೇಲಿದ್ದ ಫೋಟೋದಲ್ಲಿ ಅತ್ತೆ ಇದ್ದ ಭಾಗವನ್ನ ಮಡಿಸಿ ಮತ್ತೆ ಫ್ರೇಮ್ ಹಾಕಿಸಿದ್ರು. ನಾನು ಆ ಫೋಟೋ ನೋಡ್ತಾನೇ ಬೆಳೆದದ್ದು, ಅಜ್ಜಿ ಹೆಗಲ ಮೇಲೆ ಯಾರದೋ ನಾಲ್ಕು ಬೆರಳು ಕಾಣುತ್ತೆ. ಅಜ್ಜಿ ತೀರಿಕೊಂಡಾಗಲೂ ಅತ್ತೆಗೆ ಹೇಳಿ ಕಳಿಸಲಿಲ್ಲ. ಒಮ್ಮೆ ಮೈಸೂರಿನ ಛತ್ರವೊಂದರಲ್ಲಿ ಅವರು ಎದುರು ಬಂದು "ಚೆನ್ನಾಗಿದೀಯಾಪ್ಪಾ" ಅಂದಾಗ ನಾನು ತಲೆಯಾಡಿಸಿ ಕೈತೊಳೆಯೋಕೆ ಹೋದೆ. ಆಗ ನನಗೆ ಇಪ್ಪತ್ತೆರಡು ವರ್ಷ, ಹುಡುಗಾಟದ ವಯಸ್ಸೇನಲ್ಲ.

"ಚರ್ಚಲ್ಲಿ ನಾಳೆ ಬರಲ್ಲ ಅಂದ್ರೆ ಏನಾಗುತ್ತೆ ಅಂತ ನನಗೆ ಭಯ ಇಲ್ಲ ಅಣ್ಣ. ಮನೇಲಿ ಏನಾಗುತ್ತೆ ಅಂತ ಭಯ" ಅಂದಳು. ಕಾಫಿ ಆರಿಹೋಗಿತ್ತು.

ಹಾಗಂತ ಅವಳ ಚರ್ಚು ಬಹಳ ಒಳ್ಳೇದು ಅಂತೇನೂ ನಾನು ಹೇಳ್ತಿಲ್ಲ. ಪ್ರಸಾದ ಬೇಡ ಅಂದ ಆ ಹಿರಿಯರ ಬಗ್ಗೆ ಅನುಮಾನ ಇದ್ದೇ ಇದೆ, "ಮುಂದೆ ಅಮ್ಮನ ಜೊತೆ ಮಾತಾಡಬೇಡ ಅಂದ್ರೆ ಅವತ್ತೇ ನಂಗೆ ಫೋನ್ ಮಾಡು" ಅಂತ ಹೇಳಿ ಬಂದೆ. ಹೂಂ ಅಂದಳು.

ಚಿಕ್ಕಪ್ಪನಿಂದ ಇಲ್ಲೀವರೆಗೆ ನಾಲ್ಕು ಮಿಸ್ಡ್ ಕಾಲ್. ಎತ್ತಿಲ್ಲ. ಮೈಸೂರತ್ತೆಯ ನಂಬರ್ ಮಾತ್ರ ಯಾರ್ಯಾರನ್ನೋ ಕೇಳಿ ಇಸ್ಕೊಂಡಿದೀನಿ. ಮೂರು ದಿನ ಆಯ್ತು, ಮಾಡೋಕೆ ಧೈರ್ಯ ಬಂದಿಲ್ಲ. ಇಷ್ಟು ವರ್ಷ ಆದಮೇಲೆ ಏನಂತ ಮಾತು ಶುರುಮಾಡೋದು, ನಿಮಗೇನಾದ್ರೂ ಹೊಳೆದರೆ ಹೇಳಿ.