ಮಗಳ ಮೇಲೆ ಸಂಶಯಪಟ್ಟ ಆ ದಿನಗಳು

ತಾಯಿಯೊಬ್ಬಳು ಹೇಳಿಕೊಳ್ಳಲು ನಾಚುವ ವಿಷಯವನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ನನ್ನ ತಪ್ಪಿನಿಂದ ಒಬ್ಬ ಹುಡುಗಿಗಾದರೂ ಪ್ರಯೋಜನವಾದರೆ ಸಾಕು.

ನನ್ನ ಮಗಳಿಗೆ ಆಗ 19 ವರ್ಷ. ಕೆಳಹೊಟ್ಟೆ ನೋಯುತ್ತದೆ, ಹೊಟ್ಟೆ ಬಿಗಿಯುತ್ತದೆ ಎನ್ನುತ್ತಿದ್ದಳು. ಗ್ಯಾಸ್ಟ್ರಿಕ್ ಇರಬೇಕೆಂದು ಜೀರಿಗೆ ಕಷಾಯ ಕೊಟ್ಟೆ. ಕೆಲವೇ ವಾರಗಳಲ್ಲಿ ಹೊಟ್ಟೆ ಉಬ್ಬಿತು, ಮುಟ್ಟೂ ತಪ್ಪಿತು. ನೆರೆಯವರ ನೋಟ ಬದಲಾಯಿತು. ಯಾರಿಗೂ ತಿಳಿಯದಂತೆ ಗರ್ಭ ಪರೀಕ್ಷೆಯ ಕಿಟ್ ತರಿಸಿದೆ. ಎರಡನೇ ಗೆರೆ ಮಸುಕಾಗಿ ಮೂಡಿದಾಗ ನನ್ನ ಕಾಲಡಿಯ ನೆಲವೇ ಕುಸಿಯಿತು. "ಉಮ್ಮಾ, ಅಲ್ಲಾಹನಾಣೆ, ನಾನು ಯಾವ ತಪ್ಪೂ ಮಾಡಿಲ್ಲ" ಎಂದು ಅವಳು ಅತ್ತಳು. ನಾನು ಮುಖ ತಿರುಗಿಸಿದೆ. ಹತ್ತು ದಿನ ಅವಳನ್ನು ಹೊರಗೆ ಬಿಡಲಿಲ್ಲ, ವೈದ್ಯರಿಗೂ ತೋರಿಸಲಿಲ್ಲ.

ಒಂದು ರಾತ್ರಿ ನೋವು ತಾಳಲಾರದೆ ಅವಳು ಕಿರುಚಿದಾಗ ಆಸ್ಪತ್ರೆಗೆ ಒಯ್ದೆವು. ಸ್ಕ್ಯಾನಿಂಗ್‌ನಲ್ಲಿ ಮಗು ಇರಲಿಲ್ಲ. ಎಡ ಅಂಡಾಶಯದಲ್ಲಿ ತೆಂಗಿನಕಾಯಿ ಗಾತ್ರದ ಗಡ್ಡೆಯಿತ್ತು. ಇಂತಹ ಕೆಲವು ಗಡ್ಡೆಗಳು ಗರ್ಭಿಣಿಯರಲ್ಲಿ ಕಾಣುವ ಎಚ್‌ಸಿಜಿ ಹಾರ್ಮೋನನ್ನು ತಾವೇ ಉತ್ಪಾದಿಸುತ್ತವೆಯಂತೆ. ಆ ಮಸುಕು ಗೆರೆಯ ಗುಟ್ಟು ಅದೇ. ಸಂಶಯದಿಂದ ದೂರವಿರಬೇಕೆಂದು ಪವಿತ್ರ ಕುರ್‌ಆನ್ ಕಲಿಸಿದ್ದನ್ನು ಎಷ್ಟು ಸಲ ಓದಿದ್ದೆ! ಆ ರಾತ್ರಿ ಮಗಳ ಕಾಲ ಬಳಿ ಕುಳಿತು ಅತ್ತುಬಿಟ್ಟೆ.

ಅಲ್ಲಿನ ವೈದ್ಯರು ಗರ್ಭಕೋಶ ಮತ್ತು ಎರಡೂ ಅಂಡಾಶಯ ತೆಗೆಯೋಣವೆಂದರು. ಜೀವ ಉಳಿದರೆ ಸಾಕೆಂದು ನಾವೂ ಸಹಿ ಹಾಕಲು ಹೊರಟೆವು. ನರ್ಸ್ ಆಗಿರುವ ನನ್ನ ತಂಗಿ ತಡೆದಳು: "ಅಕ್ಕಾ, ಮೊದಲು ಕ್ಯಾನ್ಸರ್ ತಜ್ಞರನ್ನು ಕೇಳೋಣ."

ತಜ್ಞರು ರಕ್ತ ಪರೀಕ್ಷೆಗಳನ್ನು ಮಾಡಿಸಿ ವಿವರಿಸಿದರು. ಇದು ಜರ್ಮ್ ಸೆಲ್ ಗಡ್ಡೆ, ಅಂದರೆ ಅಂಡಾಣುಗಳ ಮೂಲ ಕೋಶಗಳಿಂದ ಹುಟ್ಟುವ ಕ್ಯಾನ್ಸರ್. ಅಂಡಾಶಯದ 100 ಕ್ಯಾನ್ಸರ್‌ಗಳಲ್ಲಿ 5ಕ್ಕೂ ಕಡಿಮೆ ಈ ಬಗೆಯವು. ಆದರೆ ಹೆಚ್ಚಾಗಿ ಕಾಣಿಸುವುದು ಹದಿಹರೆಯದವರಲ್ಲಿ ಮತ್ತು ಯುವತಿಯರಲ್ಲಿ. ಸಾಮಾನ್ಯವಾಗಿ ಒಂದೇ ಬದಿಗೆ ಬರುತ್ತದೆ. ಕೀಮೋಥೆರಪಿಗೆ ಚೆನ್ನಾಗಿ ಬಗ್ಗುತ್ತದೆ. ಆದ್ದರಿಂದ ಗರ್ಭಕೋಶವನ್ನೂ ಇನ್ನೊಂದು ಅಂಡಾಶಯವನ್ನೂ ಬಹುತೇಕ ಉಳಿಸಬಹುದು. ಆರಂಭದಲ್ಲೇ ಪತ್ತೆಯಾದರೆ 100ರಲ್ಲಿ 90ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ.

ಹಾಗೆಯೇ ಎಡ ಅಂಡಾಶಯ ಮತ್ತು ಅಂಡನಾಳವನ್ನು ಮಾತ್ರ ತೆಗೆದರು. ಬಳಿಕ ಬ್ಲಿಯೊಮೈಸಿನ್, ಎಟೊಪೊಸೈಡ್, ಸಿಸ್‌ಪ್ಲಾಟಿನ್ ಎಂಬ ಔಷಧಿಗಳ ಮೂರು ಸುತ್ತು, 21 ದಿನಕ್ಕೊಂದರಂತೆ. ಕೂದಲು ಉದುರಿತು, ವಾಂತಿಯಿಂದ ಬಳಲಿದಳು. ಕೀಮೋ ಮುಗಿದು ಕೆಲವು ತಿಂಗಳ ಬಳಿಕ ಮುಟ್ಟು ಮರಳಿದ ದಿನ ನಾನು ಸಜ್ದಾದಲ್ಲಿ ಬಿದ್ದೆ. ಅಲ್‌ಹಮ್ದುಲಿಲ್ಲಾಹ್.

ನಿಕಾಹ್‌ನ ಮಾತು ಬಂದಾಗ ಏನನ್ನೂ ಮುಚ್ಚಿಡಲಿಲ್ಲ. ಎರಡು ಸಂಬಂಧಗಳು ಮುರಿದವು. ಮೂರನೆಯ ಮನೆಯವರು ವರದಿಗಳನ್ನೆಲ್ಲ ನೋಡಿ ಒಪ್ಪಿದರು. ಇನ್ನು ಸಂತಾನ ಕೊಡುವವನು ಅಲ್ಲಾಹನು.

ಸಹೋದರಿಯರೇ, ಎಲ್ಲ ಕ್ಯಾನ್ಸರ್‌ನಲ್ಲೂ ಗರ್ಭಕೋಶ ಉಳಿಸಲು ಸಾಧ್ಯವಿಲ್ಲ. ಅದು ಕಾಯಿಲೆಯ ಬಗೆ ಮತ್ತು ಹಂತವನ್ನು ಅವಲಂಬಿಸಿದೆ. ಆದರೆ ಯುವತಿಗೆ ಶಸ್ತ್ರಚಿಕಿತ್ಸೆ ಎಂದಾಗ "ಮುಂದೆ ತಾಯಿಯಾಗುವ ಅವಕಾಶ ಉಳಿಸಬಹುದೇ?" ಎಂದು ಮೊದಲೇ ಕೇಳಿರಿ. ತುರ್ತಿಲ್ಲದಿದ್ದರೆ ಸ್ತ್ರೀರೋಗ ಕ್ಯಾನ್ಸರ್ ತಜ್ಞರ ಅಭಿಪ್ರಾಯ ಪಡೆಯಿರಿ. ಬೆಂಗಳೂರಿನ ಕಿದ್ವಾಯಿಯಂತಹ ಸರಕಾರಿ ಕ್ಯಾನ್ಸರ್ ಆಸ್ಪತ್ರೆಯಿದೆ. ಒಂದು ವೇಳೆ ಉಳಿಸಲಾಗದಿದ್ದರೂ ಹೆಣ್ಣಿನ ಬೆಲೆ ಕುಂದುವುದಿಲ್ಲ. ಹ. ಆಯಿಶಾ(ರ)ರಿಗೆ ಮಕ್ಕಳಿರಲಿಲ್ಲ. ಆದರೆ ಇಡೀ ಸಮುದಾಯ ಅವರಿಂದ ವಿದ್ಯೆ ಕಲಿಯಿತು.

ಮಗಳು ಹೊಟ್ಟೆನೋವೆಂದರೆ ಅವಳ ಮಾತನ್ನು ನಂಬಿರಿ. ನಾನು ಕಳೆದ ಆ ಹತ್ತು ದಿನಗಳನ್ನು ನೀವು ಕಳೆಯದಿರಿ.