ಆಪತ್ತಿನ ಚೀಲ

ಪ್ರಯಾಣಕ್ಕೆ ಹೊರಡುವವರಲ್ಲಿ ಎರಡು ಜಾತಿ. ಟಿಕೆಟ್ಟೊಂದಿದ್ದರೆ ಸಾಕು, ಉಳಿದದ್ದನ್ನು ದಾರಿಯೇ ನೋಡಿಕೊಳ್ಳುತ್ತದೆ ಎನ್ನುವವರದು ಒಂದು. ದಾರಿಯನ್ನು ಎಳ್ಳಷ್ಟೂ ನಂಬದವರದು ಇನ್ನೊಂದು. ನಮ್ಮ ಮನೆತನ ಎರಡನೆಯ ಜಾತಿಗೆ ಸೇರಿದ್ದು. ನಾನು ಹುಡುಗನಾಗಿದ್ದಾಗ ಮೈಸೂರಿನಿಂದ ಅರಸೀಕೆರೆಗೆ ರೈಲಿನಲ್ಲಿ ಹೋಗಬೇಕಾದರೂ ಹೋಲ್ಡಾಲಿನ ಜೊತೆಗೆ ನೀರಿನ ಕೂಜ, ಮೊಸರನ್ನದ ಡಬ್ಬಿ, ಅಮೃತಾಂಜನ, ಟಾರ್ಚು, ಓಮದ ಪೊಟ್ಟಣ, ಎರಡು ಮಾರು ಹಗ್ಗ ಇಷ್ಟೂ ಹೊರಡುತ್ತಿದ್ದುವು. ಹಗ್ಗವೇತಕ್ಕೆಂದು ಯಾರೂ ಕೇಳುತ್ತಿರಲಿಲ್ಲ. ಅದರಿಂದ ಯಾರಾದರೂ ಏನನ್ನಾದರೂ ಕಟ್ಟಿದ್ದನ್ನೂ ನಾನು ಕಾಣೆ. ರೈಲಿನವರು ಉದಾರಿಗಳು, ಗಂಟು ಬಿಚ್ಚಿ ನೋಡುವ ಅಭ್ಯಾಸ ಅವರಿಗಿರಲಿಲ್ಲ. ವಿಮಾನದವರ ಸಮಾಚಾರವೇ ಬೇರೆ.

ನಮ್ಮ ಅಕ್ಕ ಎಪ್ಪತ್ತಾರು ವರ್ಷದವಳು. ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಒಬ್ಬಳೇ ಹೊರಟಿದ್ದಳು. ದುಬೈಯಲ್ಲಿ ವಿಮಾನ ಬದಲಾಯಿಸಬೇಕು. ಹತ್ತೊಂಬತ್ತು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುವವಳು. ನಿಯಮಗಳನ್ನು ಸಣ್ಣಕ್ಷರದ ಸಮೇತ ಓದುವವನೆಂಬ ಕೀರ್ತಿಯೋ ಅಪಕೀರ್ತಿಯೋ ನನಗೆ ಬಂಧುವರ್ಗದಲ್ಲಿ ಇರುವುದರಿಂದ, ಅವಳ ಕೈಚೀಲವನ್ನು ಪರಿಶೀಲಿಸುವ ಅಧಿಕಾರ ನನ್ನ ಪಾಲಿಗೆ ಬಂತು. 'ಆಪತ್ತಿಗೆ ಅಂತ ಒಂದು ಚೀಲ ಮಾಡಿದ್ದೀನಿ, ನೋಡೋ' ಎಂದಳು. ತೂಗಿ ನೋಡಿದರೆ ಹನ್ನೊಂದು ಕಿಲೋ. ಕೈಚೀಲಕ್ಕೆ ಅವಳ ಟಿಕೆಟ್ಟಿನಲ್ಲಿ ಕೊಟ್ಟಿದ್ದದ್ದು ಏಳು.

ಬಿಚ್ಚಿದೆ. ಬೆಂಕಿಪೊಟ್ಟಣ, ಮೊಂಬತ್ತಿ, ಅಡಕೆಕತ್ತರಿ, ಒಂದು ಸೀಸೆ ಮಿಡಿ ಉಪ್ಪಿನಕಾಯಿ, ಎಂಟು ಗಿಟುಕು ತಿಪಟೂರು ಕೊಬ್ಬರಿ. ಮೊದಲ ಮೂರರ ವಿಷಯದಲ್ಲಿ ಅವಳು ವಾದ ಹೂಡಲಿಲ್ಲ. ಉಪ್ಪಿನಕಾಯಿಗೆ ಕಾರಣ ಹೇಳಬೇಕಾಯಿತು. 2006ರ ಆಗಸ್ಟಿನಲ್ಲಿ, ದ್ರವರೂಪದ ಸ್ಫೋಟಕವನ್ನು ಪಾನೀಯದ ಸೀಸೆಗಳಲ್ಲಿ ತುಂಬಿ ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಸಿಡಿಸುವ ಒಳಸಂಚೊಂದು ಲಂಡನ್ನಿನ ಪೊಲೀಸರಿಗೆ ಸಿಕ್ಕಿಬಿತ್ತು. ಅಂದಿನಿಂದ ಕೈಚೀಲದ ದ್ರವವೆಲ್ಲ 100 ಮಿಲಿಲೀಟರಿಗೆ ಮೀರದ ಡಬ್ಬಿಗಳಲ್ಲಿರಬೇಕೆಂಬ ಕಟ್ಟಳೆ ಬಂತು. ಲೆಕ್ಕಕ್ಕೆ ಬರುವುದು ಡಬ್ಬಿಯ ಅಳತೆ, ಒಳಗಿನದಲ್ಲ. ದೊಡ್ಡ ಸೀಸೆಯ ತಳದಲ್ಲಿ ಒಂದು ಚಮಚ ಉಳಿದಿದ್ದರೂ ಅದು ದೊಡ್ಡ ಸೀಸೆಯೇ. ಹೊಸ ಯಂತ್ರಗಳು ಬಂದ ಕೆಲವು ನಿಲ್ದಾಣಗಳಲ್ಲಿ ಈಗ ಸಡಿಲವಾಗಿದೆಯಾದರೂ, ಅವುಗಳನ್ನು ನಂಬಿ ಉಪ್ಪಿನಕಾಯಿ ಹೊರುವುದು ಜಾಣತನವಲ್ಲ. 'ಯಾರೋ ಪಾಪಿಗಳು ಮಾಡಿದ್ದಕ್ಕೆ ನನ್ನ ಮಿಡಿಗೆ ಶಿಕ್ಷೆಯೇ?' ಎಂದಳು. ನ್ಯಾಯವಾದ ಪ್ರಶ್ನೆ.

ಕೊಬ್ಬರಿಯದು ಇನ್ನೂ ವಿಚಿತ್ರ. ಅದನ್ನು ದೊಡ್ಡ ಪೆಟ್ಟಿಗೆಗೆ ಹಾಕೋಣವೆಂದಳು, ಅದೂ ಕೂಡದು. ಒಣಕೊಬ್ಬರಿಯಲ್ಲಿ ಎಣ್ಣೆಯ ಅಂಶ ಬಹಳ. ಒತ್ತಿ ತುಂಬಿಟ್ಟರೆ ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಲ್ಲ ಪದಾರ್ಥಗಳ ಪಟ್ಟಿಯಲ್ಲಿ ಅದು ಸೇರಿದೆ. ಭಾರತದ ವಿಮಾನ ನಿಲ್ದಾಣಗಳಲ್ಲಿ 2022ರಿಂದ ಪೆಟ್ಟಿಗೆಯಲ್ಲಿ ಕೊಬ್ಬರಿ ಕಂಡರೆ ತೆಗೆಸುತ್ತಾರೆ. ತಲೆತಲಾಂತರದಿಂದ ನಮ್ಮ ಅಟ್ಟದ ಮೇಲೆ ಸಾಧುವಾಗಿ ಕುಳಿತಿದ್ದ ಕೊಬ್ಬರಿ ಹೀಗೆ ಸಿಡಿಮದ್ದಿನ ಪಂಕ್ತಿಯಲ್ಲಿ ಕುಳಿತದ್ದನ್ನು ಕೇಳಿ ಅಕ್ಕ ಬಹಳ ಹೊತ್ತು ನಕ್ಕಳು.

ನಗಬಾರದ ವಸ್ತುವೂ ಒಂದಿತ್ತು. ಫೋನಿಗೆ ವಿದ್ಯುತ್ತು ತುಂಬುವ ಪವರ್ ಬ್ಯಾಂಕನ್ನು ಮೊಮ್ಮಗ ಕೊಟ್ಟಿದ್ದ. ಅವಳು ಅದನ್ನು ಜೋಪಾನವಾಗಿ ದೊಡ್ಡ ಪೆಟ್ಟಿಗೆಯ ತಳದಲ್ಲಿ ಸೀರೆಗಳ ನಡುವೆ ಮಲಗಿಸಿದ್ದಳು. ಕೆಳಗಿನ ಸಾಮಾನುಕೋಣೆಯಲ್ಲಿ ಅದು ಹೊತ್ತಿಕೊಂಡರೆ ಆರಿಸಲು ಅಲ್ಲಿ ಯಾರಿದ್ದಾರೆ? ಅದಕ್ಕೇ ಅದು ಕೈಚೀಲದಲ್ಲೇ ಇರಬೇಕೆಂಬ ನಿಯಮ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬೂಸಾನಿನಲ್ಲಿ, ಇನ್ನೂ ನೆಲ ಬಿಡದಿದ್ದ ಒಂದು ವಿಮಾನ ಹೊತ್ತಿ ಉರಿಯಿತು. 176 ಜನರೂ ಇಳಿದು ಪಾರಾದರು. ತಲೆಯ ಮೇಲಿನ ಗೂಡಿನಲ್ಲಿಟ್ಟಿದ್ದ ಪವರ್ ಬ್ಯಾಂಕಿನಿಂದಲೇ ಬೆಂಕಿ ಹುಟ್ಟಿರಬಹುದೆಂದು ತನಿಖೆಯವರು ಹೇಳಿದರು. ಆಪತ್ತಿಗೆಂದು ಒಯ್ದದ್ದೇ ಆಪತ್ತಾಗುವುದೆಂದರೆ ಇದೇ. ಗೂಡಿನಲ್ಲೂ ಇಡದೆ, ಕಣ್ಣೆದುರಿಗೆ ಇಟ್ಟುಕೋ ಎಂದೆ.

ಇಷ್ಟನ್ನು ತೆಗೆದ ಮೇಲೆ ಉಳಿದದ್ದು ಮದ್ದು. ಈ ವಿಷಯದಲ್ಲಿ ಅಕ್ಕನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2020ರ ಜನವರಿಯಲ್ಲಿ ಅವಳು ಇದೇ ಮಗಳ ಮನೆಗೆ ಮೂರು ತಿಂಗಳ ಔಷಧ ಕಟ್ಟಿಕೊಂಡು ಹೋಗಿದ್ದಳು. ಏಪ್ರಿಲಿಗೆ ವಾಪಸು ಬರುವ ಟಿಕೆಟ್ಟು. ಮಾರ್ಚಿಯಲ್ಲಿ ಮಹಾಮಾರಿ ಬಂತು. 22ರಿಂದ ಹೊರದೇಶದ ಪ್ರಯಾಣಿಕರ ವಿಮಾನಗಳು ಭಾರತಕ್ಕೆ ಇಳಿಯುವುದೇ ನಿಂತುಹೋಯಿತು. ಅತ್ತ ಔಷಧದ ಅಂಗಡಿಯವರಿಗೆ ಬೆಂಗಳೂರಿನ ವೈದ್ಯರ ಚೀಟಿ ಸಲ್ಲದು. ಅಲ್ಲಿಯ ವೈದ್ಯರೊಬ್ಬರು ಹೊಸದಾಗಿ ಬರೆದುಕೊಡಬೇಕು. ಆ ದಿನಗಳಲ್ಲಿ ವೈದ್ಯರ ಮುಖ ಕಾಣುವುದೇ ದುರ್ಲಭ. ಚೀಟಿಯಲ್ಲಿದ್ದ ಇಲ್ಲಿಯ ವ್ಯಾಪಾರದ ಹೆಸರುಗಳು ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಕೊನೆಗೆ ಸಿಕ್ಕಿದ ಇನ್ಸುಲಿನ್ನಿನ ಬೆಲೆ ಕೇಳಿ, ಹೊತ್ತಿಗೆ ಎರಡು ಯೂನಿಟ್ಟು ಕಡಮೆ ಚುಚ್ಚಿಕೊಂಡು ಹನ್ನೆರಡು ದಿನ ನೂಕಿದಳಂತೆ. ಮಗಳಿಗೂ ಹೇಳಲಿಲ್ಲ. ನಮಗೆ ತಿಳಿದದ್ದು ಆಗಸ್ಟಿನಲ್ಲಿ, ಸರ್ಕಾರ ಏರ್ಪಡಿಸಿದ್ದ ವಿಶೇಷ ವಿಮಾನದಲ್ಲಿ ಅವಳು ಮೂಳೆಚಕ್ಕಳವಾಗಿ ಮನೆಗೆ ಬಂದಾಗ.

ಆದುದರಿಂದ ಈ ಸಲ ಮದ್ದಿನ ಏರ್ಪಾಡು ನೋಡುವ ಹಾಗಿತ್ತು. ಉಳಿಯುವ ದಿನಗಳಿಗೆ ಬೇಕಾದುದಕ್ಕಿಂತ ಒಂದು ತಿಂಗಳು ಹೆಚ್ಚಿಗೆ. ಎಲ್ಲವೂ ಅಂಗಡಿಯ ಪೊಟ್ಟಣದಲ್ಲೇ, ಹೆಸರು ಕಾಣುವಂತೆ. ವೈದ್ಯರಿಂದ ಇಂಗ್ಲಿಷಿನಲ್ಲಿ ಒಂದು ಪತ್ರ. ಅದರಲ್ಲಿ ಔಷಧದ ಮೂಲ ರಾಸಾಯನಿಕ ಹೆಸರು, ಪ್ರಮಾಣ, ಸೂಜಿ ಏತಕ್ಕೆಂಬುದು. ಆ ಪತ್ರವಿದ್ದರೆ ಮದ್ದಿಗೆ 100 ಮಿಲಿಲೀಟರಿನ ಕಟ್ಟು ಇಲ್ಲ. ಇನ್ಸುಲಿನ್ ಮಾತ್ರ ಎಂದಿಗೂ ದೊಡ್ಡ ಪೆಟ್ಟಿಗೆಗೆ ಹೋಗಬಾರದು: ಕೆಳಕೋಣೆಯ ಚಳಿಯಲ್ಲಿ ಅದು ಹೆಪ್ಪುಗಟ್ಟಬಹುದು, ಒಮ್ಮೆ ಹೆಪ್ಪುಗಟ್ಟಿದ್ದು ಮತ್ತೆ ಕರಗಿದರೂ ಕೆಲಸಕ್ಕೆ ಬಾರದು. ಬಳಕೆಯಲ್ಲಿರುವ ಪೆನ್ನು ಸಾಧಾರಣ ಸೆಕೆಯಲ್ಲಿ ಸುಮಾರು ನಾಲ್ಕು ವಾರ ಕೆಡದು. ಸಕ್ಕರೆ ಇಳಿದರೆ ಬಾಯಿಗೆ ಹಾಕಿಕೊಳ್ಳಲು ಗ್ಲೂಕೋಸಿನ ಬಿಲ್ಲೆ, ಕಲ್ಲುಸಕ್ಕರೆ. ಹುರಿದ ಅವಲಕ್ಕಿ ಎರಡು ಹೊತ್ತಿಗಾಗುವಷ್ಟು, ಖಾಲಿ ನೀರಿನ ಸೀಸೆ (ತಪಾಸಣೆ ದಾಟಿದ ಮೇಲೆ ತುಂಬಿಕೊಳ್ಳುವುದಕ್ಕೆ), ಒಂದು ಜೊತೆ ಬಟ್ಟೆ, ಹೆಚ್ಚಿನ ಕನ್ನಡಕ, ಶಾಲು. ಅವಲಕ್ಕಿ ಅತಿಯಾಯಿತೆಂದು ಅವಳ ಅಳಿಯ ಫೋನಿನಲ್ಲಿ ನಕ್ಕನಂತೆ. ಅವನಿಗೆ 2024ರ ಏಪ್ರಿಲ್ 16 ನೆನಪಿರಲಾರದು. ಆ ದಿನ ದುಬೈಯಲ್ಲಿ 1949ರಿಂದ ಇಟ್ಟ ದಾಖಲೆಯಲ್ಲೇ ಇಲ್ಲದಂಥ ಮಳೆ ಸುರಿದು, ವಿಮಾನದ ಓಡುದಾರಿಗಳು ಕೆರೆಯಾಗಿದ್ದುವು. ಸಾವಿರಾರು ಜನ ದೊಡ್ಡ ಪೆಟ್ಟಿಗೆಗಳ ಮುಖ ಕಾಣದೆ ನಿಲ್ದಾಣದ ನೆಲದ ಮೇಲೆ ರಾತ್ರಿ ಕಳೆದರು. ಅವಲಕ್ಕಿಯ ಬೆಲೆ ಗೊತ್ತಾಗುವುದು ಇಂಥ ಕಡೆ.

ಎಲ್ಲ ಸೇರಿ ಆರೂವರೆ ಕಿಲೋ ಆಯಿತು. ಅಕ್ಕ ಚೀಲದ ಬಾಯಿ ಎಳೆದು, 'ಇನ್ನು ಏನು ಬಂದರೂ ಇದನ್ನು ಕೈ ಬಿಡುವುದಿಲ್ಲ' ಎಂದಳು.

ಅಲ್ಲೇ ತೊಡಕು. ನಿಜವಾದ ಆಪತ್ತು ಬಂದಾಗ ಮೊದಲು ಕೈಬಿಡಬೇಕಾದದ್ದೇ ಅದು. ತೊಂಬತ್ತು ಸೆಕೆಂಡಿನಲ್ಲಿ, ಅರ್ಧ ಬಾಗಿಲುಗಳಿಂದಲೇ, ತುಂಬಿದ ವಿಮಾನ ಖಾಲಿಯಾಗುವುದೆಂದು ತೋರಿಸಿಕೊಟ್ಟ ಮೇಲೆಯೇ ದೊಡ್ಡ ವಿಮಾನಕ್ಕೆ ಪರವಾನಗಿ. ಆ ಲೆಕ್ಕದಲ್ಲಿ ಚೀಲ ಇಳಿಸಿಕೊಳ್ಳಲು ಸಮಯವಿಟ್ಟಿಲ್ಲ. 2024ರ ಜನವರಿ 2ರಂದು ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ, ಕರಾವಳಿ ಕಾವಲಿನ ಚಿಕ್ಕ ವಿಮಾನಕ್ಕೆ ಡಿಕ್ಕಿ ಹೊಡೆದು ಸುಟ್ಟು ಬೂದಿಯಾಯಿತು. ಚಿಕ್ಕ ವಿಮಾನದ ಆರು ಜನರಲ್ಲಿ ಐವರು ತೀರಿಕೊಂಡರು. ದೊಡ್ಡದರಲ್ಲಿದ್ದ 379 ಜನರೂ ಹೊರಬಂದರು, ಸಾಮಾನು ಬಿಟ್ಟು ಬರಿಗೈಯಲ್ಲಿ. ಇದನ್ನು ಹೇಳಿದೆ. ಅಕ್ಕ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು: 'ಹಾಗಾದರೆ ನನ್ನ ಮದ್ದು?'

ಉಪಾಯ ನನಗಿಂತ ಮುಂಚೆ ಅವಳಿಗೇ ಹೊಳೆಯಿತು. ನಮ್ಮ ಅಜ್ಜಿಯ ಸೊಂಟದಲ್ಲಿ ಹಗಲೂ ರಾತ್ರಿ ಒಂದು ಎಲೆಯಡಿಕೆ ಸಂಚಿ ಇರುತ್ತಿತ್ತು. ಅಂಥದೇ ಒಂದನ್ನು ಖಾದಿ ಬಟ್ಟೆಯಲ್ಲಿ ಅಂದು ಸಂಜೆಯೇ ಹೊಲಿದಳು, ಮೂರು ಅರೆಯದು. ಒಂದರಲ್ಲಿ ಇನ್ಸುಲಿನ್ ಪೆನ್ನು, ಸೂಜಿ, ನಾಲ್ಕು ಬಿಲ್ಲೆ ಗ್ಲೂಕೋಸು. ಇನ್ನೊಂದರಲ್ಲಿ ಪಾಸ್‌ಪೋರ್ಟು, ವೈದ್ಯರ ಪತ್ರ. ಮೂರನೆಯದರಲ್ಲಿ ಮಗಳ ಮತ್ತು ನನ್ನ ಫೋನ್ ನಂಬರು ಬರೆದ ಕಾಗದ. ಫೋನಿನ ಜೀವ ಹೋದರೆ ಈಗ ಯಾರ ನಂಬರು ಯಾರಿಗೆ ನೆನಪಿರುತ್ತದೆ? ಕಟ್ಟಿಕೊಂಡು ಕುಳಿತು, ಎದ್ದು, ಕೋಣೆಯಲ್ಲಿ ನಾಲ್ಕು ಹೆಜ್ಜೆ ನಡೆದು ನೋಡಿದಳು.

ಆಮೇಲೆ ಚೀಲದ ತಳದಿಂದ ಕರವಸ್ತ್ರದಲ್ಲಿ ಸುತ್ತಿದ್ದ ಏನನ್ನೋ ತೆಗೆದಳು. ನನ್ನ ತಪಾಸಣೆಗೆ ಅದು ಸಿಕ್ಕಿರಲಿಲ್ಲ. ಭಾವನವರ ಎಚ್ಚೆಂಟಿ ಕೈಗಡಿಯಾರ. ಅವರು ಹೋಗಿ ಒಂಬತ್ತು ವರ್ಷವಾದರೂ ದಿನ ಬೆಳಿಗ್ಗೆ ಅದಕ್ಕೆ ಕೀಲಿ ಕೊಡುವುದನ್ನು ಅವಳು ಬಿಟ್ಟಿಲ್ಲ. 'ಇದನ್ನೂ ಬಿಟ್ಟೇ ಇಳಿಯಬೇಕೇನೋ?' ಎಂದಳು. ಯಾವ ಕಂಪನಿಯ ನಿಯಮಾವಳಿಯಲ್ಲೂ ಅದಕ್ಕೆ ಉತ್ತರವಿರಲಿಲ್ಲ. ನಾನು ಸುಮ್ಮನಿದ್ದೆ. ಅವಳೇ ಸೂಜಿ ದಾರ ಬದಿಗಿಟ್ಟು, ಗಡಿಯಾರವನ್ನು ಬಳೆಗಳ ಹಿಂದಕ್ಕೆ ಏರಿಸಿ ಕಟ್ಟಿಕೊಂಡಳು. ಪಟ್ಟಿ ಸಡಿಲವಾಯಿತು. ಇನ್ನೊಂದು ತೂತು ಕೊರೆಯಲು ದಬ್ಬಳ ತರಿಸಿದಳು.

ದುಬೈಯಲ್ಲಿ ಮಳೆಯಾಗಲಿಲ್ಲ. ಹೊರಟ ಮೂರನೆಯ ದಿನ ಫೋನು ಬಂತು: ಬೆಂಗಳೂರಿನ ತಪಾಸಣೆಯ ಹೆಣ್ಣುಮಗಳು ಸಂಚಿಯನ್ನು ಬಿಚ್ಚಿಸಿ, ಪತ್ರ ಓದಿ, 'ಅಜ್ಜಿ, ಇದನ್ನು ಎಲ್ಲಿ ಕೊಂಡಿರಿ?' ಎಂದು ಕೇಳಿದಳಂತೆ. ಅವಲಕ್ಕಿಯನ್ನು ಅಳಿಯನೇ ತಿಂದು ಮುಗಿಸಿದನಂತೆ. ಎಂಟು ಗಿಟುಕು ಕೊಬ್ಬರಿ ನಮ್ಮ ಮನೆಯಲ್ಲೇ ಉಳಿದಿದೆ, ಇದುವರೆಗೆ ಹೊತ್ತಿಕೊಂಡಿಲ್ಲ.