ಸಮವಸ್ತ್ರ ಕಳಚಿಟ್ಟ ಮೇಲಿನ ಬದುಕು

ಕೊಡಗಿನಲ್ಲಿ ಹುಟ್ಟು ಸಾವುಗಳ ಸುದ್ದಿ ಹೇಳುತ್ತಿದ್ದುದು ಕೋವಿ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಒಂದರ ಹಿಂದೊಂದು ಎರಡು. ಈಗ ಆ ಸದ್ದು ಗದ್ದೆ ದಾಟುವ ಮೊದಲೇ ಮೊಬೈಲಿನಲ್ಲಿ ತೀರಿಕೊಂಡ ಮಾಜಿ ಸೈನಿಕನ ಫೋಟೊ ಬಂದಿರುತ್ತದೆ. ಎದೆಯ ಮೇಲೆ ಪದಕಗಳು, ಕೆಳಗೆ ರೆಜಿಮೆಂಟಿನ ಹೆಸರು, 1965 ಅಥವಾ 1971 ಎಂಬ ಇಸವಿ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೂ ಮನೆಯವರು ಕಳೆದುಕೊಂಡ ಹಿರಿಯ ಅದರಲ್ಲಿ ಕಾಣಿಸುವುದಿಲ್ಲ. ಹದಿನೆಂಟಕ್ಕೋ ಹತ್ತೊಂಬತ್ತಕ್ಕೋ ಸಿಪಾಯಿಯಾಗಿ ಸೇರಿದವನು ಪಿಂಚಣಿಗೆ ಬೇಕಾದ 15 ವರ್ಷ ಮುಗಿಸಿ, ಮೂವತ್ತೈದರ ಆಸುಪಾಸಿನಲ್ಲಿ ಊರಿಗೆ ಮರಳಬಹುದಿತ್ತು. ಎಂಬತ್ತರವರೆಗೆ ಬದುಕಿದನೆಂದರೆ ಸೇನೆಯಲ್ಲಿ ಕಳೆದದ್ದರ ಮೂರರಷ್ಟು ಕಾಲವನ್ನು ಅವನು ಮನೆಯಲ್ಲಿ ಕಳೆದಿರುತ್ತಾನೆ. ನಾವು ಬರೆದಿಡದೆ ಬಿಡುತ್ತಿರುವುದು ಆ ಕಾಲವನ್ನೇ.

ದೊಡ್ಡವರ ವಿಷಯದಲ್ಲೂ ಇದೇ ಆಗಿದೆ. ಕೊಡಂದೇರ ಕಾರ್ಯಪ್ಪನವರೆಂದರೆ ಎಲ್ಲರಿಗೂ 1949ರ ಜನವರಿ 15 ನೆನಪಿಗೆ ಬರುತ್ತದೆ. ಭಾರತೀಯನೊಬ್ಬ ಮೊದಲ ಬಾರಿಗೆ ಸೇನೆಯ ಮಹಾದಂಡನಾಯಕನಾದ ದಿನ ಅದು. 1919ರಲ್ಲಿ ಸೇನೆ ಸೇರಿದ ಅವರು 1953ರಲ್ಲಿ ನಿವೃತ್ತರಾದರು, 1993ರಲ್ಲಿ ತೀರಿಕೊಂಡರು. ಸೇವೆ 34 ವರ್ಷ, ಆಮೇಲಿನ ಬದುಕು 40 ವರ್ಷ. ಆಸ್ಟ್ರೇಲಿಯಾದಲ್ಲಿ ಹೈಕಮಿಷನರ್ ಆಗಿ ಕಳೆದ ಕಾಲವನ್ನು ಬಿಟ್ಟರೂ ಮಿಕ್ಕದ್ದು ಬಹಳ. ಮಾಜಿ ಸೈನಿಕರಿಗಾಗಿ 1964ರಲ್ಲಿ ಅವರು ಕಟ್ಟಿದ ಸಂಘ, ಮಡಿಕೇರಿಯ ‘ರೋಶನಾರಾ’ ಮನೆಯ ಶಿಸ್ತಿನ ದಿನಚರಿ, ಎಲ್ಲವೂ ಆ ಅವಧಿಗೇ ಸೇರಿದವು. 1965ರ ಯುದ್ಧದಲ್ಲಿ ವಾಯುಪಡೆಯ ಪೈಲಟ್ ಆಗಿದ್ದ ಅವರ ಮಗ ಪಾಕಿಸ್ತಾನದಲ್ಲಿ ಸೆರೆಯಾದಾಗ, ಮಗನಿಗೆ ಬೇರೆ ಉಪಚಾರ ಬೇಡ, ಸೆರೆಯಲ್ಲಿರುವ ಎಲ್ಲರೂ ತನ್ನ ಮಕ್ಕಳೇ ಎಂದು ಅವರು ತಿಳಿಸಿದರೆಂಬುದು ಕೊಡಗಿನಲ್ಲಿ ಇಂದಿಗೂ ಜನ ಹೇಳುವ ಮಾತು. ಆಗ ಅವರು ಯಾವ ಪಡೆಯ ದಂಡನಾಯಕರೂ ಆಗಿರಲಿಲ್ಲ. ನಿವೃತ್ತರಾಗಿ ಹನ್ನೆರಡು ವರ್ಷವಾಗಿತ್ತು. ಜನ ಅವರನ್ನು ಪ್ರೀತಿಸಿದ್ದು ಇಂಥದ್ದಕ್ಕಾಗಿ ಎಂದೇ ನಾನು ನಂಬಿದ್ದೇನೆ. ಅದೇ ಒಕ್ಕದ, ಅಂದರೆ ಅದೇ ಮನೆತನದ, ಜನರಲ್ ತಿಮ್ಮಯ್ಯನವರಿಗೆ ನಿವೃತ್ತಿಯ ನಂತರ ಊರಿನಲ್ಲಿ ದೀರ್ಘಕಾಲ ಬದುಕುವ ಭಾಗ್ಯ ದಕ್ಕಲಿಲ್ಲ. 1961ರಲ್ಲಿ ನಿವೃತ್ತರಾದ ಅವರು ವಿಶ್ವಸಂಸ್ಥೆಯ ಪಡೆಯ ಹೊಣೆ ಹೊತ್ತು ಸೈಪ್ರಸ್‌ಗೆ ಹೋಗಿ, 1965ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು.

ಕೊಡವರ ಹೆಸರಿನಲ್ಲಿ ಒಕ್ಕದ ಹೆಸರು ಮೊದಲು, ಮನುಷ್ಯನ ಹೆಸರು ಆಮೇಲೆ. ಮರಳಿ ಬಂದ ಸೈನಿಕನ ಸ್ಥಾನವನ್ನು ತೀರ್ಮಾನಿಸುತ್ತಿದ್ದುದೂ ಒಕ್ಕವೇ. ವಯಸ್ಸಾಗಿ ಒಕ್ಕದ ಹಿರಿಯನಾದಾಗ ಅವನು ಪಟ್ಟೆದಾರ, ಅಂದರೆ ಒಕ್ಕದ ಯಜಮಾನ, ಆಗುತ್ತಿದ್ದ. ಸೈನಿಕ ಸೇವೆಯ ಋಣಕ್ಕೆ ಅರಸರ ಕಾಲದಿಂದ ಬಂದ ಜಮ್ಮಾ ಭೂಮಿ ಅವನ ಹೆಸರಿನಲ್ಲಿರುತ್ತಿತ್ತು. ಆದರೆ ಅದು ಅವನ ಸ್ವಂತದ್ದಾಗಿರಲಿಲ್ಲ, ಮಾರುವಂತಿರಲಿಲ್ಲ. ಒಕ್ಕದ ಮೂಲಮನೆಯಾದ ಐನ್‌ಮನೆಯ ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯಲ್ಲಿ ದೀಪ ಆರದಂತೆ, ಸುಗ್ಗಿಯ ಹಬ್ಬ ಪುತ್ತರಿಗೆ ಕದಿರು ತಪ್ಪದಂತೆ, ಆಯುಧಗಳ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿ ಕತ್ತಿಗಳೆಲ್ಲ ದೀಪದ ಮುಂದೆ ಸೇರುವಂತೆ ನೋಡಿಕೊಳ್ಳುವವನು ಅವನು. ಪರೇಡಿನಲ್ಲಿ ಕಲಿತ ಹೊತ್ತುಗೊತ್ತು, ಕಾಗದಪತ್ರ ಜೋಡಿಸಿಡುವ ಅಭ್ಯಾಸ, ಹಿಂದಿ ಇಂಗ್ಲಿಷಿನ ಅಲ್ಪಸ್ವಲ್ಪ ಪರಿಚಯ ಇವೆಲ್ಲ ಇಡೀ ಊರಿಗೇ ಒದಗುತ್ತಿದ್ದವು. ನಮ್ಮ ಕಣ್ಣೆದುರಿಗೇ ಇದು ಬದಲಾಯಿತು. ಆಸ್ತಿ ಪಾಲಾಯಿತು, ಕಾಫಿ ತೋಟದೊಳಗೆ ಬೇರೆ ಬೇರೆ ಮನೆಗಳೆದ್ದವು, ಮಕ್ಕಳು ಮೈಸೂರು ಬೆಂಗಳೂರು ಸೇರಿದರು. ಎಷ್ಟೋ ಐನ್‌ಮನೆಗಳು ಈಗ ಹಬ್ಬಕ್ಕೆ ಮಾತ್ರ ಬಾಗಿಲು ತೆರೆಯುತ್ತವೆ. ಒಕ್ಕ ಸತ್ತಿಲ್ಲ, ನಿಜ: 1997ರಲ್ಲಿ ಕರಡದಲ್ಲಿ 60 ತಂಡಗಳೊಂದಿಗೆ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ 2024ರಲ್ಲಿ 360 ಒಕ್ಕಗಳು ತಂಡ ಕಳಿಸಿದವು. ಆದರೆ ಮೈದಾನದಲ್ಲಿ ಒಕ್ಕಕ್ಕೆ ಬೇಕಾಗುವುದು ಓಡುವ ಕಾಲು. ಕೂತು ನ್ಯಾಯ ಹೇಳುವ ಹಿರಿಯನಿಗೆ ಅಲ್ಲಿ ಮೊದಲ ಸಾಲಿನ ಕುರ್ಚಿಯೊಂದು, ಶಾಲೊಂದು.

ಸೈನಿಕನ ಮನೆಯ ಬದುಕನ್ನು ಬರೆದಿಡುವುದು ಹಿರಿಯ ಗಂಡಸರ ಅಧಿಕಾರವನ್ನು ಹೊಗಳುವ ಬಗೆ ಎಂದು ಆಕ್ಷೇಪಿಸುವವರಿದ್ದಾರೆ. ಆ ಆಕ್ಷೇಪ ಹಗುರವಲ್ಲ. ಪಟ್ಟೆದಾರನ ಮಾತು ಕೆಲವರಿಗೆ ನೆರಳಾದರೆ ಕೆಲವರ ಉಸಿರು ಕಟ್ಟಿಸಿದ್ದೂ ಇದೆ. ಆದರೆ ಮನುಷ್ಯನನ್ನು ಯುದ್ಧದಿಂದ ಮಾತ್ರ ಅಳೆದರೆ ಈ ದೋಷ ಮುಚ್ಚಿಹೋಗುತ್ತದೆ. ಮನೆಯಿಂದ ಅಳೆಯಹೊರಟರೆ ಹೊರಬೀಳಲೇಬೇಕು. ಅವನು ಗಡಿಯಲ್ಲಿದ್ದ ಹದಿನೈದು ವರ್ಷ ಗದ್ದೆಗೆ ನೀರು ತಿರುಗಿಸಿದವರು ಯಾರು, ಕಾಫಿ ಕೊಯ್ಲಿಗೆ ಆಳು ಕೂಡಿಸಿದವರು ಯಾರು, ಮಕ್ಕಳ ಶುಲ್ಕ ಹೊಂದಿಸಿದವರು ಯಾರು ಎಂದು ಕೇಳಿದೊಡನೆ ಅಡಿಗೆಮನೆಯ ಬಾಗಿಲಲ್ಲಿ ನಿಂತ ಹೆಂಗಸು ಕಥೆಯ ನಡುವಿಗೆ ಬರುತ್ತಾಳೆ. ಸೈನಿಕರು ಮಾತಾಡುವುದೇ ಇಲ್ಲವಲ್ಲ ಎಂಬುದು ಇನ್ನೊಂದು ಮಾತು. ಗುಂಡಿನ ಸದ್ದಿನ ಬಗ್ಗೆ ಅವರು ಮಾತಾಡದಿರಬಹುದು, ಅದನ್ನು ಕೆದಕುವ ಹಕ್ಕೂ ನಮಗಿಲ್ಲ. ರೈಲಿಳಿದು ಬಸ್ಸು ಹತ್ತಿ ಮನೆಗೆ ಬಂದ ಮೊದಲ ಮಳೆಗಾಲ ಹೇಗಿತ್ತು ಎಂದು ಕೇಳಬಹುದಲ್ಲ.

ತಿಮ್ಮಯ್ಯನವರ ಮಡಿಕೇರಿಯ ಮನೆ ‘ಸನ್ನಿ ಸೈಡ್’ ಬಹುಕಾಲ ಸರ್ಕಾರಿ ಕಚೇರಿಯಾಗಿದ್ದು, 2021ರಲ್ಲಿ ಸ್ಮಾರಕ ಮ್ಯೂಸಿಯಂ ಆಗಿ ತೆರೆಯಿತು. ಆಗಬೇಕಾದ ಕೆಲಸವೇ ಅದು. ಜನರಲ್ ಅಲ್ಲದವನಿಗೆ ಮ್ಯೂಸಿಯಂ ಸಿಗುವುದಿಲ್ಲ. ಅವನದ್ದು ಟ್ರಂಕಿನೊಳಗೆ ಉಳಿದಿದೆ. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಕಾಗದ, ಕಾಫಿ ಲೆಕ್ಕದ ನೋಟುಬುಕ್ಕು, ಊರವರ ಅರ್ಜಿಗಳ ಕರಡು. ಗೋಡೆಯ ಮೇಲಿನ ಪದಕದ ಫೋಟೊಗೆ ಚೌಕಟ್ಟು ಹಾಕಿಸಿದ ಮನೆಗಳಲ್ಲೂ ಆ ನೋಟುಬುಕ್ಕು ಪ್ರತಿ ಮಳೆಗಾಲ ಬೂಷ್ಟು ಹಿಡಿಯುತ್ತಿದೆ, ಮತ್ತು ಅದರಲ್ಲಿನ ಅಕ್ಷರ ಯಾರದ್ದೆಂದು ಗುರುತು ಹಿಡಿಯಬಲ್ಲವರು ಇನ್ನೂ ಬದುಕಿದ್ದಾರೆ.